ಗೌಸನ ಕಿವಿ, ನನ್ನ ಬಾಯಿ

ನನಗ ಒಂದು ಕೆಟ್ಟ ಚಟ ಅದರಿ. ಸೇಂದಿ ಅಲ್ಲ, ಇಸ್ಪೀಟ್ ಅಲ್ಲ. ಅವೆರಡೂ ಇದ್ವು, ನಮ್ಮ ನೀಲಮ್ಮ ಬಿಡಿಸಿದಳು. ಇದು ಬ್ಯಾರೆ. ತೂತು ಇದ್ದ ಸಾಮಾನು ಕೈಯಾಗ ಬಂತಂದ್ರ ನಾ ಅದರಾಗ ಊದ್ತೇನಿ. ಪೆನ್ನಿನ ಟೊಪ್ಪಿಗಿ ಊದ್ತೇನಿ, ಕೀಲಿಕೈ ಊದ್ತೇನಿ. ಗ್ಯಾಸಿನ ಒಲಿ ಬರ್ನರ್ ತೊಳದು ಇಟ್ಟಿದ್ರ ಎತ್ತಿ, ಊದಿ, ಮತ್ತ ಇಡ್ತೇನಿ. ಹೋದ ತಿಂಗಳ ಕೆಮ್ಮು ಅಂತ ದವಾಖಾನಿಗಿ ಹೋಗಿದ್ದೆ. ಡಾಕ್ಟರಮ್ಮ ಎದಿ ನೋಡೋ ನಳಿಗಿ ಕಿವಿಗಿ ಹಾಕ್ಕೊಂಡೇ ಚೀಟಿ ಬರಿಲಿಕತ್ತಿದ್ರು. ನಳಿಗಿಯ ಇನ್ನೊಂದು ತುದಿ ಮೇಜಿನ ಮ್ಯಾಲ ನನ್ನ ಮುಂದೇ ಬಿದ್ದಿತ್ತು. ನನ್ನ ಕೈ ಸುಮ್ಮ ಕೂಡಲಿಲ್ಲ. ಎತ್ತಿದೆ, ಊದಿದೆ. ಆಕಿ ಕುರ್ಚಿ ಬಿಟ್ಟು ಎದ್ದೇ ನಿಂತಳು. ಕಿವಿ ತಿಕ್ಕೋತ, ಅಜ್ಜಾ, ನಿಮ್ಮ ಪುಪ್ಪುಸ ಭಾಳ ಛಲೋ ಅದ, ಇನ್ನ ನೀವು ಮನಿಗಿ ಹೋಗ್ರಿ ಅಂದಳು.

ಈ ಚಟ ಹತ್ತಿಸಿದ್ದು ಒಂದು ಲಾರಿ. ಲಾರಿ ಅಂದ್ರ ಈಗಿನಂಥ ಡೀಸೆಲ್ ಡಬ್ಬಿ ಅಲ್ರಿ. ಮಿಲಿಟರಿಯವರು ಹರಾಜು ಹಾಕಿದ ಪೆಟ್ರೋಲ್ ಲಾರಿ, ಮೂಗು ಮುಂದ ಮಾಡ್ಕೊಂಡು ನಿಂತಿರೋದು. ನಮ್ಮ ಸೇಠ ಹೈದರಾಬಾದದಿಂದ ತಂದು ನನ್ನ ಕೈಯಾಗ ಕೊಟ್ಟಿದ್ರು. ನಾ ಅದಕ್ಕ ಬೇಗಂ ಅಂತ ಹೆಸರಿಟ್ಟೆ. ಯಾಕಂದ್ರ ಬಿಸಲಾಗ ನಡಿಯಂಗಿಲ್ಲ, ಥಂಡಿಯಾಗ ಏಳಂಗಿಲ್ಲ, ನಾಕು ಮಂದಿ ಮುಂದ ಸಿಟ್ಟು ಮಾಡ್ತದ, ಮತ್ತ ಅದರ ವಾಸನಿ ಮಾತ್ರ ಮರಿಲಿಕ್ಕಿ ಆಗಂಗಿಲ್ಲ. ಡಾಬಕಾ ಕಡಿಂದ ತೊಗರಿ, ಜ್ವಾಳ ತುಂಬ್ಕೊಂಡು ಭಾಲ್ಕಿ ಗಂಜ್ ಪ್ಯಾಟಿಗಿ, ಬೀದರ ಗಂಜಿಗಿ ಇಪ್ಪತ್ತು ವರ್ಷ ಹೊಡದೀನಿ. ನೀಲಮ್ಮ ಲಗ್ನ ಆಗಿ ಬಂದ ವರ್ಷ ಪಕ್ಕದ ಮನಿಯವ್ರು ಆಕಿಗಿ, ನಿನ್ನ ಗಂಡ ಭಾಲ್ಕಿಯಾಗ ಬೇಗಂ ಸಂಗಾಟ ಇದ್ದ ಅಂತ ಹೇಳಿದ್ರು. ಮೂರು ದಿನ ಮನ್ಯಾಗ ರೊಟ್ಟಿ ಬಡೀಲಿಲ್ಲ. ಆ ಖಬರ್ ಮುಟ್ಟಿಸಿದ್ದು ನಾನೇ ಅಂತ ಇನ್ನೂ ಆಕಿಗಿ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.

ಬೀದರ ಜಿಲ್ಲಾದಾಗ ನನ್ನ ಕೈಯಾಗ ಮೂರ್ಖ ಆಗದವ್ರು ಭಾಳ ಮಂದಿ ಉಳಿದಿಲ್ಲ, ಸುಮ್ಮ ಹೇಳಲ್ಲ. ಪೆಟ್ರೋಲ್ ಗಾಡಿ ಇಳಿಜಾರಿನಾಗ ಓಡುವಾಗ ಚಾವಿ ಬಂದ್ ಮಾಡಿ, ಒಂದು ಉಸುರು ತಡದು ಮತ್ತ ಚಾಲೂ ಮಾಡಿದ್ರ, ಹಿಂದ ಕೊಳವಿಯಾಗ ಕೂಡಿದ ಪೆಟ್ರೋಲ್ ಹೊತ್ಕೊಂಡು ಢಮ್ ಅಂತದ, ತೋಪು ಹಾರಿಸಿದಂಗ. ಭಾಲ್ಕಿ ಪ್ಯಾಟಿಯಾಗ ಛತ್ರಿ ಹಿಡ್ಕೊಂಡು ಹೊಂಟ ನಮ್ಮ ಸಾಲಿ ಹೆಡ್ಮಾಸ್ತರ್ ಹಿಂದ ಹಿಂಗ ಒಂದ್ಸಲ ಹಾರಿಸಿದ್ದೆ. ನಾ ಸಾಲಿಯಾಗ ಇದ್ದಾಗ ಅವರು ನನಗ ಹೊಡದ ಛಡಿ ಏಟು ಎಷ್ಟೋ, ಆ ಒಂದು ಢಮ್ಮಿನಾಗ ಎಲ್ಲಾ ವಸೂಲಾತು. ಆದ್ರ ನನ್ನ ಸೈಲೆನ್ಸರ್ ಸೀಳಿತ್ತು. ಅದನ್ನ ಹೊಲಿಸಲಿಕ್ಕಿ ಹೋದದ್ದು ಗೌಸನ ಹತ್ರ.

ಈಗ ಗೌಸನ ಮಾತಿಗಿ ಬಂದೆ. ಖರೇ ಹೇಳ್ಬೇಕಂದ್ರ ಇಷ್ಟೊತ್ತು ಅವನ ಮಾತಿಗಿ ಬರಬಾರ್ದಂತೇ ಸುತ್ತು ಹೊಡಿಲಿಕತ್ತಿದ್ದೆ.

ಗೌಸ್ ಮಿಯಾ ಭಾಲ್ಕಿ ಗಂಜಿನ ಹಿಂದ ಬೇವಿನ ಗಿಡದ ಕೆಳಗ ಗ್ಯಾರೇಜ್ ಇಟ್ಟಿದ್ದ. ಅವರಪ್ಪ ಬೀದರದಾಗ ಬಿದ್ರಿ ಕೆಲಸದವ. ಹೂಜಿ, ಹುಕ್ಕಾದ ಮ್ಯಾಲ ಬೆಳ್ಳಿ ತಂತಿ ಕೂಡಿಸೋ ಕಲಾಕಾರ. ಮಗ ಮಾತ್ರ ಇಂಜಿನ್ ಎಣ್ಣಿಯಾಗ ಕೈ ಹಾಕಿದ. ನನ್ನ ವಾರಿಗಿಯವ, ಬಡಕ, ಮಾತು ಕಡಿಮಿ. ಅವನ ಕಿವಿ ಇತ್ತಲ್ರಿ, ಅದು ದೇವರು ಪುರಸೊತ್ತಿಲೇ ಮಾಡಿದ ಕಿವಿ. ಗಾಡಿ ಚಾಲೂ ಇಟ್ಟು ಬಾನೆಟ್ ಮ್ಯಾಲ ಎರಡು ಬಟ್ಟ, ಅಂದ್ರ ಬೆರಳು, ಇಟ್ಟು ಕಣ್ಣ ಮುಚ್ಚುತ್ತಿದ್ದ. ಆಮ್ಯಾಲ ಹೇಳ್ತಿದ್ದ, ಮೂರನೇ ಪ್ಲಗ್ ಅಂತ. ಬಿಚ್ಚಿ ನೋಡಿದ್ರ ಮೂರನೇದೇ. ಒಂದೇ ಒಂದು ಬೋಲ್ಟ್ ಬಿಚ್ಚಿ ರೋಗ ತೆಗೀತಿದ್ದ. ಬ್ಯಾರೆ ಮಿಸ್ತ್ರಿಗಳು ಪೂರಾ ಗಾಡಿ ಬಿಚ್ಚಿ ಚಾದರದ ಮ್ಯಾಲ ಹರವಿ ಕೂಡೋ ಕಾಲದಾಗ ಇವನ ಕೈಗಿ ಎಣ್ಣಿನೂ ಹತ್ತುತ್ತಿರಲಿಲ್ಲ.

ನಮ್ಮ ಬೇಗಂ ರೋಗ ಯಾವಾಗಲೂ ಒಂದೇ, ಕಾರ್ಬುರೇಟರ್. ಇಂಜಿನ್ನಿಗಿ ಉಣ್ಣಿಸೋ ಕೈ ಅದು. ಪೆಟ್ರೋಲ್ ಇಷ್ಟು, ಗಾಳಿ ಇಷ್ಟು ಅಂತ ಕಲಸಿ ತುತ್ತು ಮಾಡಿ ಕೊಡ್ತದ. ಅದರ ಒಳಗ ಸೂಜಿ ಹೋಗದಂಥ ಸಣ್ಣ ದಾರಿ ಇರ್ತಾವ. ಗೌಸ ಅದರಾಗ ತಂತಿ ಹಾಕ್ಲಿಕ್ಕಿ ಬಿಡ್ತಿರಲಿಲ್ಲ, ತೂತು ದೊಡ್ಡದಾಗ್ತದ ಅಂತ. ಕುದುರಿ ಬಾಲದ ಕೂದಲೇ ಬೇಕು. ಆ ಕೂದಲ ತರೋ ಕೆಲಸ ನಂದು. ಭಾಲ್ಕಿ ಸ್ಟೇಶನ್ ಮುಂದ ಟಾಂಗಾದವ ಚಹಾ ಕುಡಿಲಿಕ್ಕಿ ಹೋದಾಗ ಕುದುರಿ ಹಿಂದ ಹೋಗಿ ನಿಂದರ್ತಿದ್ದೆ. ಆ ಕುದುರಿ ನನ್ನ ತೊಡಿ ಮ್ಯಾಲ ಹಾಕಿದ ಮುದ್ರಿ ಇನ್ನೂ ಅದ. ಕುಂತು ಮಾತಾಡೋರಿಗಿ ಅದು ತೋರಸಲಿಕ್ಕಿ ಬರಂಗಿಲ್ಲ ಅಂತ ನನಗ ಇನ್ನೂ ಬ್ಯಾಸರ.

ಕೂದಲ ಹಾಕಿದ ಮ್ಯಾಲ ಬಾಯಿಂದ ಊದಬೇಕು. ಪಂಪಿನ ಗಾಳಿ ಒಳಗ ಹೋಗ್ತದ, ಆದ್ರ ಹ್ಯಾಂಗ ಹೋತು, ಎಲ್ಲಿ ತಡೀತು ಅನ್ನೋದು ಪಂಪಿಗಿ ಗೊತ್ತಾಗಂಗಿಲ್ಲ. ತುಟಿಗಿ ಗೊತ್ತಾಗ್ತದ. ಒಳಗಿನ ದಾರಿ ಡೊಂಕು, ಬೆಳಕಿಗಿ ಹಿಡದ್ರೂ ಕಾಣಂಗಿಲ್ಲ. ಅದಕ್ಕ ಬಾಯೇ ಬೇಕು. ಹನ್ನೊಂದು ತಿಂಗಳು ಗೌಸ ತಾನೇ ಊದ್ತಿದ್ದ. ರಮ್ಜಾನ್ ತಿಂಗಳ ಬಂತಂದ್ರ ಅವಗ ರೋಜಾ. ಪೆಟ್ರೋಲಿನ ರುಚಿ ನಾಲಗಿಗಿ ಹತ್ತಿದ್ರ ರೋಜಾ ಕೆಡ್ತದ ಅಂತ ಅವಗ ಹೆದರಿಕಿ. ಆ ತಿಂಗಳು ಪೂರಾ ನಾ ಊದ್ತಿದ್ದೆ. ಬೇಗಂದು ಅಷ್ಟೇ ಅಲ್ಲ, ಅವನ ಗ್ಯಾರೇಜಿಗಿ ಬಂದ ಎಲ್ಲಾ ಗಾಡಿದು. ಬಾಡಿಗಿ ಇದ್ರೂ ಬಿಟ್ಟು ಹೋಗ್ತಿದ್ದೆ. ಅವ ಬಿಚ್ಚಿ ಕೈಯಾಗ ಕೊಡ್ತಿದ್ದ, ನಾ ಊದಿ ಸಾಫ್ ಅಂತಿದ್ದೆ, ಇಲ್ಲಾ ಬಂದ್ ಅಂತಿದ್ದೆ. ಅವ ಮರುಮಾತು ಕೇಳ್ತಿರಲಿಲ್ಲ. ರೋಜಾ ಬಿಡೋ ಹೊತ್ತಿಗಿ ಅವ ಖರ್ಜೂರ ಬಾಯಾಗ ಹಾಕ್ಕೊಳ್ಳೋಕಿಂತ ಮೊದಲ ನನ್ನ ಕೈಯಾಗ ಒಂದು ಇಡ್ತಿದ್ದ, ನಿನ್ನ ಬಾಯಾಗಿಂದು ಪೆಟ್ರೋಲ್ ಹೋಗ್ಲಿ ಅಂತ. ಪೆಟ್ರೋಲ್ ಮ್ಯಾಲ ಖರ್ಜೂರ ತಿಂದವ್ರಿಗೇ ಗೊತ್ತು ಅದರ ರುಚಿ. ಈಗ ಎಂಥಾ ಛಲೋ ಖರ್ಜೂರ ತಂದುಕೊಟ್ರೂ ನನಗ ಸಪ್ಪಗೇ ಹತ್ತತದ.

ಒಂದು ವರ್ಷ ರಮ್ಜಾನ್ ಕಡು ಬ್ಯಾಸಗಿಯಾಗ ಬಂತು. ಬೇಗಂ ಪೆಡಲಿನ ಮ್ಯಾಲಿನ ಕಾಲು ತೆಗದ್ರ ಸಾಕು, ಕೆಮ್ಮಿ ಸಾಯ್ಲಿಕತ್ತಿತ್ತು. ಭಾಲ್ಕಿಗಿ ಒಯ್ದೆ. ಗೌಸ ಕಣ್ಣ ಮುಚ್ಚಿ ಕೇಳಿದ, ಸೀದಾ ಕಾರ್ಬುರೇಟರ್ ಬಿಚ್ಚಿ ನನ್ನ ಕೈಯಾಗ ಕೊಟ್ಟ. ಊದಿದೆ. ಗಲ್ಲ ಉಬ್ಬಿತು, ಕಣ್ಣ ಹೊರಗ ಬಂತು, ಗಾಳಿ ಒಂದು ಚೂರೂ ಹೋಗಲಿಲ್ಲ. ಬುರುಜಿನ ಬಾಗಲಾ ಹಾಕಿದಂಗ ಬಂದ್.

ನಾ ಸಾಫ್ ಅದ ಅಂದೆ.

ಯಾಕಂದೆ ಅಂತ ಕೇಳಬ್ಯಾಡ್ರಿ. ಯಾಕಂದ್ರ ನಾ ಹಂಗೇ. ಹೆಡ್ಮಾಸ್ತರಿಗಿ ಢಮ್ ಅನಸಿದವ, ಹೆಂಡ್ತಿಗಿ ಸವತಿ ಹುಟ್ಟಿಸಿದವ. ಗೌಸ ಒಬ್ಬನೇ ಅಲ್ಲೇನು ನನ್ನ ಕೈಗಿ ಸಿಗದೇ ಉಳಿದಿದ್ದವ. ಒಂದು ಚಹಾದಷ್ಟೊತ್ತು ಒದ್ದಾಡಲಿ, ಆಮ್ಯಾಲ ನಕ್ಕು ಹೇಳಿದ್ರಾತು ಅಂತ ಇತ್ತು ಮನಸಿನಾಗ. ಅವ ನನ್ನ ಮಾರಿ ನೋಡಿದ. ಎಂದೂ ಇಲ್ಲದ್ದು ಆವತ್ತ ಎರಡು ಸಲ ಕೇಳಿದ. ನಾ ಎರಡು ಸಲ ಸಾಫ್ ಅಂದೆ.

ಅಷ್ಟರಾಗ ಸೇಠ ಬಂದು ಕುಂತ್ರು. ಮಾಲು ತಡ ಆಗ್ಲಿಕತ್ತದ ಅಂತ ಬೈಲಿಕತ್ರು. ಸೇಠರ ಮುಂದ ನಾ ಮಸ್ಕರಿ ಮಾಡೀನಿ ಅಂತ ಹ್ಯಾಂಗ ಹೇಳ್ಲಿ. ನಾಲಗಿ ಹಲ್ಲಿನ ಹಿಂದೇ ಕುಂತಿತು. ಗೌಸ ಪಂಪ್ ಬಿಚ್ಚಿದ, ಟಾಕಿ ಬಿಚ್ಚಿದ, ವಾಯರ್ ಎಲ್ಲಾ ಬಿಚ್ಚಿದ. ಮರುದಿನ ಇಂಜಿನ್ನಿನ ತಲಿನೇ ಎತ್ತಿದ. ಆ ಬಿಸಲಾಗ, ಒಂದು ಹನಿ ನೀರು ಇಲ್ಲದ ಬಾಯಿಲೇ. ನಾ ಬೋಲ್ಟ್ ಬಿಚ್ಚೋ ಪಾನಾ ಕೊಡ್ಕೋತ ಬಾಜೂಕ ನಿಂತಿದ್ದೆ. ಹೇಳ್ಬೇಕಂತ ಹತ್ತು ಸಲ ಬಾಯಿ ತೆಗದೆ, ಹತ್ತು ಸಲ ಯಾರೋ ಒಬ್ರು ಬಂದು ನಿಂತ್ರು. ಮೂರನೇ ದಿನ ಸೇಠ ಪರಊರಿನ ಮಿಸ್ತ್ರಿ ಒಬ್ಬನ್ನ ಕರಸಿದ್ರು. ಅವ ಬಂದವನೇ ಕಾರ್ಬುರೇಟರ್ ಎತ್ತಿ ಊದಿದ, ಮಾರಿ ಕೆಂಪ ಮಾಡ್ಕೊಂಡು ಇನ್ನೊಂದ್ಸಲ ಊದಿದ. ತೊಗರಿ ಹೊಟ್ಟಿನ ಒಂದು ಎಳಿ ಹಾರಿ ಬಂತು. ಅಂಗೈಯಾಗ ಇಟ್ಟು ಎಲ್ಲಾರಿಗೂ ತೋರಿಸಿದ.

ನನಗ ನಗು ಬಂತು. ಖುಷಿ ಅಲ್ಲ, ಹೆದರಿಕಿ ಅಲ್ಲ, ರೂಢಿ. ಇಷ್ಟು ವರ್ಷ ಮಸ್ಕರಿ ಮುಗದಲ್ಲಿ ನಕ್ಕು ನಕ್ಕು ಬಾಯಿಗಿ ಹತ್ತಿದ ರೂಢಿ. ಆ ನಗು ಗೌಸ ನೋಡಿದ. ಕೈ ತೊಳ್ಕೊಂಡ, ಪಾನಾ ಎಲ್ಲಾ ಅರಿವ್ಯಾಗ ಕಟ್ಟಿದ. ನನ್ನ ಹತ್ರ ಬಂದು ಸಣ್ಣ ದನಿಯಾಗ ಹೇಳಿದ.

“ಮಾಣಿಕ್ಯಾ, ಹನ್ನೊಂದು ತಿಂಗಳು ನನ್ನ ಬಾಯಿ ನನ್ನ ಹತ್ರೇ ಇರ್ತದ. ಒಂದು ತಿಂಗಳು ನಿನ್ನ ಹತ್ರ ಇಟ್ಟಿದ್ದೆ.”

ಅದಾದ ಮ್ಯಾಲ ಅವ ಭಾಲ್ಕಿ ಬಿಟ್ಟ. ಹೆಂಡ್ತಿ ಊರು ಔರಾದದಾಗ ಗ್ಯಾರೇಜ್ ಹಾಕಿದ. ನಾ ಡಾಬಕಾಕ್ಕ ಹೋಗಬೇಕಂದ್ರ ಔರಾದ ದಾಟೇ ಹೋಗ್ಬೇಕು. ಅವನ ಗ್ಯಾರೇಜ್ ಮುಂದ ಹೊಂಟಾಗ ಪೆಡಲಿನ ಮ್ಯಾಲಿನ ಕಾಲು ತೆಗೀತಿರಲಿಲ್ಲ. ತೆಗದ್ರ ಬೇಗಂ ಕೆಮ್ಮತದ, ಕೆಮ್ಮಿದ್ರ ಯಾರು ಹೊಂಟಾರಂತ ಅವಗ ಗೊತ್ತಾಗ್ತದ. ಈದ್ ಹಬ್ಬದ ದಿನ ಎಷ್ಟೋ ಸಲ ಹೊಸಾ ಅಂಗಿ ಹಾಕ್ಕೊಂಡು ಔರಾದ ಬಸ್ ಸ್ಟ್ಯಾಂಡ್ ತನಕಾ ಹೋಗೀನಿ. ಅಲ್ಲಿ ಮಿರ್ಚಿ ಭಜಿ ತಿಂದು ಹೊಳ್ಳಿ ಬಂದೀನಿ. ನೀಲಮ್ಮ, ಭಜಿ ತಿನ್ನಲಿಕ್ಕಿ ಔರಾದಕ್ಕ ಯಾಕ ಹೋಗ್ತಿರಿ, ಬೀದರದಾಗ ಸಿಗಂಗಿಲ್ಲೇನು ಅಂತಿದ್ದಳು. ಅಲ್ಲಿ ಖಾರ ಛಲೋ ಇರ್ತದ ಅಂತಿದ್ದೆ.

ಡೀಸೆಲ್ ಲಾರಿ ಬಂದ ಮ್ಯಾಲ ಸೇಠ ಬೇಗಂನ ನನಗೇ ಬಿಟ್ಟುಕೊಟ್ರು. ನಾ ಬೀದರದ ಚಿದ್ರಿಯಾಗ ಮನಿ ಮಾಡ್ಕೊಂಡೆ, ಆಕಿನ್ನ ಕಮಠಾಣದ ನಮ್ಮ ಹೊಲದಾಗ ಹುಣಚಿ ಗಿಡದ ಕೆಳಗ ನಿಂದರಿಸಿದೆ. ತಿಂಗಳಿಗಿ ಒಂದ್ಸಲ ಹೋಗಿ ಚಾಲೂ ಮಾಡಿ ಹಾರನ್ ಬಾರಿಸಿ ಬರ್ತೇನಿ. ಹೋದ ವರ್ಷ ಭಾಲ್ಕಿ ರೋಡಿಗಿ ಢಾಬಾ ಹಾಕಿದವ ಒಬ್ಬ ಬಂದ, ಆಕಿನ್ನ ಕೇಳ್ಲಿಕ್ಕಿ. ಢಾಬಾದ ಮುಂದ ನಿಂದರಿಸಿ, ಬಾನೆಟ್ ತೆಗದು ಒಳಗ ಹೂವಿನ ಗಿಡ ಹಚ್ತಾನಂತ. ಮಂದಿ ಫೋಟೋ ತೆಗಸ್ಕೋತಾರಂತ. ನನಗ ಸಿಟ್ಟು ಬಂತು. ಅಪ್ಪಾ, ಇದು ಹೂವಿನ ಕುಂಡ ಅಲ್ಲ, ಓಡೋ ಗಾಡಿ ಅಂದೆ. ಹಂಗಾರ ಓಡಸರಿ ಕಾಕಾ ಅಂದ. ಚಾವಿ ತಿರುವಿದೆ. ಬೇಗಂ ಎರಡು ಸಲ ಕೆಮ್ಮಿ ಬಂದ್ ಬಿದ್ದಳು. ಅವ ಗಿಡ ಯಾವ್ದು ಹಚ್ಚಬೇಕು ಅಂತ ನೋಡಿದಂಗ ಬಾನೆಟ್ ಸುತ್ತ ಒಂದು ಸುತ್ತು ಬಂದ.

ಕಾರ್ಬುರೇಟರ್ ಪೂರಾ ಸವದಿತ್ತು. ಗಾಳಿ ಬಾಗಲಾ ತಿರಗೋ ಕಡ್ಡಿ ತನ್ನ ತೂತಿನಾಗ ಲಟಲಟ ಅಲಗಾಡ್ತಿತ್ತು. ಆ ಸಂದಿಯಾಗಿಂದ ಬ್ಯಾಡಾದ ಗಾಳಿ ಒಳಗ ಹೋಗ್ತಿತ್ತು. ಬೀದರದ ಲೇಥಿನವ, ಈ ಮೆತ್ತನ್ನ ಲೋಹಕ್ಕ ಕೈ ಹಚ್ಚಿದ್ರ ಪುಡಿ ಆಗ್ತದ ಅಂತ ವಾಪಸ್ ಕೊಟ್ಟ. ನನ್ನ ಅಳಿಯ ಹೈದರಾಬಾದದಿಂದ ಜೀಪಿಂದು ಹೊಸಾ ಕಾರ್ಬುರೇಟರ್ ತಂದು ಕೂಡಿಸಿದ. ಓಡಿತು, ಸುಳ್ಳ ಯಾಕ ಹೇಳ್ಲಿ. ಕೆಮ್ಮು ಇಲ್ಲ, ಸಿಟ್ಟು ಇಲ್ಲ. ಬ್ಯಾರೆಯವ್ರ ಮನಿ ಸೊಸಿ ಬಂದು ಚಹಾ ಕೊಟ್ಟು ಹೋದಂಗ. ಎರಡು ದಿನ ತಡದು ನಾನೇ ಬಿಚ್ಚಿ ಅಳಿಯಗ ವಾಪಸ್ ಕೊಟ್ಟೆ. ಹಳೇದನ್ನ ಟವಲ್ಲಿನಾಗ ಕಟ್ಕೊಂಡು ಔರಾದ ಬಸ್ ಹತ್ತಿದೆ. ಗಾಡಿ ರಿಪೇರಿ ಅನ್ನೋದು ಒಂದು ನೆವ. ಅಷ್ಟು ವರ್ಷಕ್ಕ ಕೈಯಾಗ ಹಿಡಿಲಿಕ್ಕಿ ಒಂದು ನೆವ ಸಿಕ್ಕಿತ್ತು. ಈ ಸಲ ಭಜಿ ತಿನ್ನಲಿಲ್ಲ.

ಗ್ಯಾರೇಜ್ ಈಗ ಅವನ ಮಗ ನಡಸ್ತಾನ. ಗೌಸ ಹೊರಗ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಕುಂತಿದ್ದ. ಗಡ್ಡ ಬೆಳ್ಳಗ, ಮೂಗಿನ ಮ್ಯಾಲ ದಪ್ಪ ಚಷ್ಮಾ. ನನ್ನ ಮಾರಿ ನೋಡಲಿಲ್ಲ, ಕೈಯಾಗಿನ ಗಂಟು ನೋಡಿದ.

“ಬೇಗಂ ಹ್ಯಾಂಗಿದ್ದಾಳ?” ಅಂದ.

ಕೆಮ್ಮತಾಳ ಅಂದೆ. ಗಂಟು ಬಿಚ್ಚಿದ. ಕಡ್ಡಿ ಹಿಡದು ಅಲಗಾಡಿಸಿದ, ಇಷ್ಟು ಯಾರು ಸವೆಸಿದ್ದು ಅಂದ. ನಾನೇ, ಔರಾದ ದಾಟುವಾಗ ಕಾಲು ಎತ್ತುತ್ತಿರಲಿಲ್ಲ ಅಂದೆ. ಅವನ ಮೀಸಿ ಒಂಚೂರು ಅಲಗಿದ್ದು ನಾ ನೋಡೀನಿ. ಮಗ ಬಂದ, ಕಾರ್ಬುರೇಟರ್ ಇಸ್ಕೊಂಡು ಗಾಳಿ ಮಷೀನಿನ ಪೈಪ್ ಹಿಡದು ಫುಸ್ ಅಂತ ಊದಿದ. ಒಂದು ಚಿಟಿಕಿಯೊಳಗ ಎಲ್ಲಾ ದಾರಿ ಸಾಫ್. ನನ್ನ ತುಟಿ ತಾನೇ ಮುಂದ ಬಂದಿತ್ತು, ಹಿಂದ ತಗೊಂಡೆ. ಬಸ್ಸಿನಾಗ ಬರೋವಾಗ ಏನೇನೋ ಜೋಡಿಸ್ಕೊಂಡು ಬಂದಿದ್ದೆ. ಅವ ನನ್ನ ಕೈಯಾಗ ಕೊಡ್ತಾನ, ನಾ ಊದ್ತೇನಿ, ಖರೇ ಹೇಳ್ತೇನಿ, ಅಲ್ಲಿಗಿ ಎಲ್ಲಾ ಮುಗೀತದ ಅಂತ. ಆ ಕೆಲಸನೇ ಈಗ ಯಾರಿಗೂ ಬೇಕಾಗಿಲ್ಲ.

ಚಹಾ ಬಂತು. ತಪ್ಪಾಗ್ಯಾದ ಗೌಸೂ ಅಂದೆ. ಅಷ್ಟು ವರ್ಷ ತಡದ ಮಾತು, ಇಷ್ಟೇ ಹೊರಗ ಬಂತು. ಅವ ಬಶಿಯಾಗ ಚಹಾ ಹಾಕ್ಕೊಂಡು ಆರಿಸಿದ. ನಿಧಾನ ಹೇಳಿದ.

“ನೀ ಮಸ್ಕರಿ ಮಾಡಿದ್ದಕ್ಕ ನನಗ ಸಿಟ್ಟಿಲ್ಲೋ. ಆವತ್ತ ನನ್ನ ಕಿವಿ ಹೇಳಿತ್ತು, ದಾರಿ ಬಂದ್ ಅದ ಅಂತ. ನೀ ಸಾಫ್ ಅಂದಿ. ನಾ ನಿನ್ನ ಮಾತು ನಂಬಿ, ಕಿವಿಗಿ ಸುಳ್ಳ ಅಂದೆ. ಅವತ್ತಿಂದ ಆ ಕಿವಿಗಿ ನಾ ಏನೂ ಕೇಳಿಲ್ಲ. ಎಲ್ಲಾ ಬಿಚ್ಚೇ ನೋಡೀನಿ. ಇಲ್ಲಿ ಮಂದಿ ನನಗ ಏನಂತಾರ ಗೊತ್ತೇನು? ಬಿಚ್ಚೋ ಗೌಸ್.”

ಒಂದೇ ಬೋಲ್ಟ್ ಬಿಚ್ಚಿ ರೋಗ ತೆಗಿಯೋ ಮನಷಾ. ನಾ ಚಹಾ ಕೆಳಗ ಇಟ್ಟೆ. ನನ್ನ ಮಸ್ಕರಿ ಮೂರು ದಿನದ್ದು ಅಂತ ತಿಳ್ಕೊಂಡಿದ್ದೆ. ಅದು ಅವನ ಜೀವಮಾನ ಪೂರಾ ನಡದಿತ್ತು.

ಅವ ಕಾರ್ಬುರೇಟರ್ ಇಟ್ಗೊಂಡ. ಬೆರಳಿನಿಂದ ತಿಕ್ಕಿ, ಇದು ಜಸ್ತ, ಸತು, ನಮ್ಮಪ್ಪನ ಹುಕ್ಕಾದ ಲೋಹನೇ ಅಂದ. ಮನ್ಯಾಗಿಂದ ಅಪ್ಪನ ಸಣ್ಣ ಉಳಿ, ಲೋಹ ತಿಕ್ಕೋ ಕಾನಸು ತರಿಸಿದ. ಲೇಥು ಒಲ್ಲೆ ಅಂದ ಕೆಲಸ ಕೈಲೇ ಮಾಡಿದ. ಸವದ ತೂತು ಒಂಚೂರ ಹಿಗ್ಗಿಸಿ, ಒಳಗ ಹಿತ್ತಾಳಿ ಬಳಿ ಕೂಡಿಸಿ, ಕಡ್ಡಿ ಅದಕ್ಕ ಹೊಂದಿಸಿದ. ಎಂಟು ದಿನ ಹಿಡೀತಂತ. ಒಂಬತ್ತನೇ ದಿನ ತಾನೇ ಬಸ್ ಹತ್ತಿ ಬಂದ. ನಾ ಕಮಠಾಣದ ರೋಡಿಗಿ ನಿಂತಿದ್ದೆ. ಹುಣಚಿ ಗಿಡದ ಕೆಳಗ ಬಂದು ಬೇಗಂ ಬಾನೆಟ್ ಮ್ಯಾಲ ಕೈ ಇಟ್ಟು, ಮುದುಕಿ ಆಗ್ಯಾಳ ಅಂದ. ನಿನಕಿಂತ ಛಲೋ ಇದ್ದಾಳ ಅಂದೆ.

ಕಾರ್ಬುರೇಟರ್ ಕೂಡಿಸಿದ್ವಿ. ಗಾಡಿ ಎದ್ದಿತು. ಕಡೀ ಕೆಲಸ ಒಂದೇ ಉಳಿದಿತ್ತು. ಬಾಜೂಕ ಒಂದು ಸಣ್ಣ ಸ್ಕ್ರೂ ಇರ್ತದ, ಅದನ್ನ ತಿರುವಿ ಗಾಳಿ ಪೆಟ್ರೋಲಿನ ಹದಾ ಹಿಡೀಬೇಕು. ಅದಕ್ಕ ಮಷೀನ್ ಇಲ್ಲ, ಕಿವಿನೇ ಬೇಕು. ಗೌಸ ಸ್ಕ್ರೂ ಡ್ರೈವರ್ ನನ್ನ ಕಡಿ ಚಾಚಿದ, ನೀ ಮಾಡು ಅಂತ. ನಾ ಕೈ ಹಿಂದ ಕಟ್ಕೊಂಡು ನಿಂತೆ. ಕಡಿಗಿ ಅವ ಎರಡು ಬಟ್ಟ ಬಾನೆಟ್ ಮ್ಯಾಲ ಇಟ್ಟ, ಚಷ್ಮಾ ತೆಗದ, ಕಣ್ಣ ಮುಚ್ಚಿದ. ಸ್ಕ್ರೂ ಒಳಗ ಹೋತು, ಹೊರಗ ಬಂತು, ಮತ್ತ ಒಳಗ ಹೋತು, ಮತ್ತ ಹೊರಗ ಬಂತು. ನಿಂತಿತು. ಅವ ಕಣ್ಣ ತೆಗದು ನನ್ನ ಮಾರಿ ನೋಡಿದ.

“ಬರಾಬರ್ ಅದ ಏನು?”

ಬರಾಬರ್ ಇರಲಿಲ್ಲರಿ. ಪೆಟ್ರೋಲ್ ಹೆಚ್ಚಾಗಿ ಬೇಗಂ ಹೊಟ್ಟಿ ಭಾರ ಆದವ್ರಂಗ ತೂರಾಡ್ಲಿಕತ್ತಿದ್ದಳು. ಇಪ್ಪತ್ತು ವರ್ಷ ಆಕಿನ್ನ ಓಡಸಿದವ ನಾ, ನನಗ ಗೊತ್ತಾಗಂಗಿಲ್ಲೇನು. ಆ ಮುದುಕ ಅಷ್ಟು ವರ್ಷಕ್ಕ ಒಂದ್ಸಲ ಕಿವಿ ನಂಬಿ ಕೈ ಹಚ್ಚ್ಯಾನ. ಸಾಫ್ ಅಂದ್ರ ಖುಷಿಲೇ ಬಸ್ ಹತ್ತತಾನ. ನನ್ನ ನಾಲಗಿ ಆ ಮಾತಿಗಿ ತಯಾರೂ ಆಗಿತ್ತು. ಜೀವಮಾನದಾಗ ಖರೇ ಹೇಳ್ಲಿಕ್ಕಿ ಅಷ್ಟು ತ್ರಾಸ ನಾ ಎಂದೂ ಪಟ್ಟಿಲ್ಲ.

“ಇಲ್ಲೋ ಗೌಸೂ,” ಅಂದೆ. “ಭಾರ ಆಗ್ಯಾದ.”

ಅವ ಮತ್ತ ಬಾನೆಟ್ ಕಡಿ ಬಗ್ಗಿದ. ಆಮ್ಯಾಲ ಸ್ಕ್ರೂ ಕಾಲು ಸುತ್ತು ಒಳಗ ತಿರುವಿದ. ಬೇಗಂ ತೂರಾಟ ನಿಂತು, ಬೆಕ್ಕು ಮಕ್ಕೊಂಡಂಗ ಗುರುಗುಟ್ಟಲಿಕತ್ತಳು. ನಾ ಬೇಕಂತೇ ಬಿಟ್ಟಿದ್ದೆ, ನಿನ್ನ ಬಾಯಿ ಹ್ಯಾಂಗ ಆಗ್ಯಾದ ನೋಡ್ಲಿಕ್ಕಿ ಅಂದ. ಬೀದರ ಜಿಲ್ಲಾದಾಗ ನನಗ ಮಸ್ಕರಿ ಮಾಡಿ ಗೆದ್ದವ ಅವ ಒಬ್ಬನೇ. ಆದ್ರ ಖರೇನೇ ಬೇಕಂತ ಬಿಟ್ಟಿದ್ದನೋ, ಕಿವಿ ಕೈ ಕೊಟ್ಟಿತ್ತೋ, ಬಸ್ ಹೋದ ಮ್ಯಾಲ ನನಗ ತಲ್ಯಾಗ ಹುಳ ಹೊಕ್ಕಿತು. ಅವನ ಮಾರಿ ಮ್ಯಾಲ ಬೆವರು ಇತ್ತು. ಅದು ಬಿಸಲಿಂದು ಅಂತ ಅನಕೊಂಡೆ.

ಅವ ಹೋಗಿ ಎರಡು ತಿಂಗಳಾತು. ಗಾಡಿಗಿ ಏನೂ ರೋಗ ಇಲ್ಲ. ರೋಗ ಇಲ್ಲ ಅಂದ್ರ ಅವ ಬರ್ಲಿಕ್ಕಿ ಕಾರಣನೂ ಇಲ್ಲ. ಬಾ ಅಂತ ಸುಮ್ಮ ಕರೀಲಿಕ್ಕಿ ನನಗ ಬರಂಗಿಲ್ಲ, ಕರದ್ರ ಸುಮ್ಮ ಬರೋ ಪೈಕಿ ಅವನೂ ಅಲ್ಲ. ನಿನ್ನಿ ಮುಂಜಾನಿ ಕಮಠಾಣಕ್ಕ ಹೋದೆ. ಸ್ಕ್ರೂ ಡ್ರೈವರ್ ತಗೊಂಡು ಆ ಸ್ಕ್ರೂ ಕಾಲು ಸುತ್ತು ಹೊರಗ ತಿರುವಿದೆ. ಬೇಗಂ ತೂರಾಡ್ಲಿಕತ್ತಳು. ಅವಗ ಫೋನ್ ಹಚ್ಚಿದೆ, ಗೌಸೂ, ಗಾಡಿ ಮತ್ತ ಕೆಟ್ಟದ ಅಂದೆ. ಏನಾಗ್ಯಾದ ಅಂದ. ನನಗೇನು ಗೊತ್ತು, ನೀನೇ ಕೇಳು ಅಂದು ಫೋನ್ ಬಾನೆಟ್ ಹತ್ರ ಹಿಡದೆ.

ಆ ಕಡಿ ಅವ ಕಿವಿ ಹಚ್ಚಿದ. ಕಣ್ಣ ಮುಚ್ಚಿರಬೇಕು.

“ಸ್ಕ್ರೂ ಕಾಲು ಸುತ್ತು ಹೊರಗ ಬಂದದ,” ಅಂದ. “ತಾನೇ ಬಂದಿಲ್ಲ.”

ನಾ ಸ್ಕ್ರೂ ಡ್ರೈವರ್ ಕಿಸೇದಾಗ ಹಾಕ್ಕೊಂಡೆ.

“ಹಂಗೇ ಇರ್ಲಿ, ಕೈ ಹಚ್ಚಬ್ಯಾಡ. ಐತಾರ ಬರ್ತೇನಿ.”